ಕಂಕಣ ಕಟ್ಟಿಸಿಕೊಂಡ ಬೆಸುಗೆ ಕಡ್ಡಿ

ನಮ್ಮ ಮನೆಯ ಟಿವಿ ರಿಮೋಟು ಕೈಕೊಟ್ಟಿದೆ. ಒಳಗೆ ಬ್ಯಾಟರಿ ಕೂರುವ ಜಾಗದ ಸ್ಪ್ರಿಂಗು ಬೆಸುಗೆ ಬಿಟ್ಟು ಅಲ್ಲಾಡುವುದು ಬರಿಗಣ್ಣಿಗೇ ಕಾಣುತ್ತದೆ. ಒಂದು ಹನಿ ಸೀಸ ಕರಗಿಸಿ ಬಿಟ್ಟರೆ ಮುಗಿಯಿತು. ಅದಕ್ಕೆ ಬೇಕಾದ ಸಾಧನವೂ ನನ್ನ ಮೇಜಿನ ಖಾನೆಯಲ್ಲೇ ಇದೆ. ಆದರೂ ನಾನು ಪ್ರತಿ ಸಲ ಎದ್ದು ಹೋಗಿ ಟಿವಿಯ ಹಿಂಬದಿಯ ಗುಂಡಿಯನ್ನೇ ತಡಕಾಡಿ ಒತ್ತಿ ಬರುತ್ತೇನೆ. "ಒಳ್ಳೇದು ಬಿಡು, ವ್ಯಾಯಾಮ ಆಗತೈತಿ" ಎಂದು ನಮ್ಮವರು ಸೋಫಾದಲ್ಲಿ ಕುಳಿತೇ ಪ್ರೋತ್ಸಾಹ ಕೊಡುತ್ತಾರೆ.

ಆ ಖಾನೆಯನ್ನು ಆಗಾಗ ತೆಗೆಯುತ್ತೇನೆ, ನೋಡುತ್ತೇನೆ, ಮುಚ್ಚುತ್ತೇನೆ. ಅಲ್ಲಿರುವುದು ವೈರಿಲ್ಲದ, ಬ್ಯಾಟರಿಯ ಮೇಲೆ ನಡೆಯುವ ಬೆಸುಗೆ ಕಡ್ಡಿ. ದಪ್ಪನೆಯ ಪೆನ್ನಿನಷ್ಟಿದೆ. ಹಿಡಿಕೆಯ ಒಂದು ಬದಿಯ ಪ್ಲಾಸ್ಟಿಕ್ಕು ಹಪ್ಪಳದಂತೆ ಉಬ್ಬಿ ಗುಳ್ಳೆ ಎದ್ದಿದೆ. ಬ್ಯಾಟರಿಗಳನ್ನು ತೆಗೆದು ಅಡುಗೆಮನೆಯಲ್ಲಿ, ಬೇರೆಯೇ ಡಬ್ಬಿಯಲ್ಲಿ ಇಟ್ಟಿದ್ದೇನೆ. ಹಲ್ಲು ಕಿತ್ತ ಹಾವನ್ನು ಬುಟ್ಟಿಯಲ್ಲಿ ಇಟ್ಟುಕೊಂಡವರ ಪಾಡು ಹೀಗೇ ಇರಬೇಕು. ಕಚ್ಚುವುದಿಲ್ಲ ಎಂದು ಗೊತ್ತು. ಮುಚ್ಚಳ ತೆಗೆಯುವ ಕೈಗೆ ಮಾತ್ರ ಅದು ಗೊತ್ತಿಲ್ಲ.

ಇದು ಮೊದಲು ಸಿರುಗುಪ್ಪದ ನಮ್ಮ ಭಾವನವರದಾಗಿತ್ತು. ಭಾವ ಅಂದರೆ ನನ್ನ ಅಕ್ಕ ಗಿರಿಜಳ ಗಂಡ. ಅವರ ಮನೆಯ ಮುಂದಿನ ಕೋಣೆಯೇ ರಿಪೇರಿ ಅಂಗಡಿ. ಸುತ್ತಲೂ ಭತ್ತದ ಗದ್ದೆ, ಗದ್ದೆಗೆ ಔಷಧಿ ಹೊಡೆಯುವ ಪಂಪು, ಆ ಪಂಪಿಗೆ ಬರುವ ಕಾಯಿಲೆ, ಇವೇ ಅವರ ಬದುಕು. ಕರೂರಿನ ಕಡೆಯ ರೈತರು ಬಸ್ಸಿನ ಟಾಪಿನ ಮೇಲೆ ಪಂಪು ಹಾಕಿಕೊಂಡು ಬಂದು ಅವರ ಮುಂದೆ ಇಳಿಸಿ, "ಉಸಿರ ಬಿಡವಲ್ಲದು ನೋಡ್ರಿ" ಎನ್ನುತ್ತಾರೆ. ಭಾವ ಅದನ್ನು ಮಗುವಿನಂತೆ ಮಗ್ಗುಲು ತಿರುಗಿಸಿ ಬಿಚ್ಚುತ್ತಾರೆ.

ಕಡ್ಡಿಯನ್ನು ತರಿಸಿದ ಹೊಸದರಲ್ಲಿ ನಾನು ಬಳ್ಳಾರಿಯಿಂದ ಹೋಗಿದ್ದೆ. ಚಪ್ಪಲಿ ಬಿಡುವುದರೊಳಗೆ ಕರೆದರು.

"ಏನವ್ವಾ ಬಿಎಸ್ಸಿ, ಇಲ್ಲಿ ಬಾ. ಇದನ್ನ ನೋಡೀಯೇನು? ಬಾಲ ಇಲ್ಲದ ಮಂಗ್ಯಾ!"

ಗುಂಡಿ ಒತ್ತಿ ಹಿಡಿದರು. ತುದಿಯ ಹತ್ತಿರ ಒಂದು ಪುಟ್ಟ ಬೆಳಕು ಬಿತ್ತು. ನಾನು ಕೈಚೀಲ ಕೆಳಗಿಡುವಷ್ಟರಲ್ಲಿ ಅವರು ಸೀಸದ ತಂತಿಯನ್ನು ಆ ತುದಿಗೆ ತಾಗಿಸಿದರು. ಗಟ್ಟಿ ತಂತಿ ಇದ್ದಕ್ಕಿದ್ದಂತೆ ಹನಿಯಾಗಿ, ಕನ್ನಡಿಯಂತೆ ಹೊಳೆದು, ಎರಡು ವೈರುಗಳ ನಡುವೆ ಇಳಿದು ಕೂತಿತು. ಗುಂಡಿ ಬಿಟ್ಟರು. ಬೆಳಕು ಆರಿತು.

"ಬೆರಳ ಇದ್ದಾಗಷ್ಟ ಬೆಂಕಿ. ಬೆರಳ ತೆಗದ್ರ ತಣ್ಣಗ. ಹೇಳಿದ ಮಾತ ಕೇಳೂದು ಈ ಮನ್ಯಾಗ ಇದೊಂದ ನೋಡು."

"ಕೇಳಿಸ್ತು" ಎಂದಳು ಅಕ್ಕ ಒಳಗಿನಿಂದ.

"ನನಗೊಂದು ತರಿಸಿಕೊಡ್ರಿ ಬಾವ" ಎಂದೆ.

"ಬಳ್ಳಾರ್‍ಯಾಗ ಇರಾಕಿ ನಿನಗ್ಯಾಕವ್ವಾ ಇದು? ಮುರಿದ ಸಾಮಾನು ತಗೊಂಡು ಮಧ್ಯಾಹ್ನ ಮಾಳಗಿ ಮ್ಯಾಲೆ ನಿಂತ್ರ ತಾನ ಕೂಡಿಕೊಂತಾವ."

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಬಿಸಿ ಹೇಗೆ ಹುಟ್ಟುತ್ತದೆ, ಲೋಹ ಯಾಕೆ ಕರಗುತ್ತದೆ ಎಂಬುದಕ್ಕೆ ಪುಟಗಟ್ಟಲೆ ಉತ್ತರ ಬರೆದು ಪಾಸಾದವಳು. ಆದರೂ ಆ ಹನಿಯನ್ನು ನೋಡುವಾಗ ನನ್ನ ಬಾಯಿ ತೆರೆದೇ ಇತ್ತು. ಇದು ಚಿಕ್ಕಂದಿನ ರೋಗ. ಕುರುಗೋಡಿನ ನಮ್ಮ ಓಣಿಗೆ ಕಲಾಯಿ ಹಾಕುವವನು ಬಂದರೆ ನಾನು ಸಾಲಿ ಮರೆಯುತ್ತಿದ್ದೆ. ನೆಲದಲ್ಲಿ ಕುಳಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತುತ್ತಿದ್ದ. ಕಿಲುಬು ಹಿಡಿದ ತಾಮ್ರದ ಪಾತ್ರೆ ಕೆಂಪಾಗುತ್ತಲೇ ನವಸಾಗರದ ಪುಡಿ ಉದುರಿಸಿದರೆ ಬಿಳಿಯ ಹೊಗೆ ದಪ್ಪಗೆ ಏಳುತ್ತಿತ್ತು. ಆ ಹೊಗೆಯೊಳಗೆ ಕೈ ಹಾಕಿ ತವರದ ತುಣುಕನ್ನು ತಾಗಿಸಿ, ಹತ್ತಿಯ ಉಂಡೆಯಿಂದ ಗರಗರ ಒರೆಸಿದನೆಂದರೆ ಪಾತ್ರೆಯ ಹೊಟ್ಟೆಯೊಳಗೆ ಬೆಳದಿಂಗಳು ಹರಿದಾಡುತ್ತಿತ್ತು. ಕೆಮ್ಮುತ್ತ, ಕಣ್ಣೀರು ಸುರಿಸುತ್ತ ನಾವು ಅಲ್ಲೇ ನಿಂತಿರುತ್ತಿದ್ದೆವು. "ದೂರ ನಿಂದ್ರೋ ಹುಡುಗ್ರಾ" ಎಂದು ಅವನು ಬೈದಷ್ಟೂ ಹತ್ತಿರ ಹೋಗುತ್ತಿದ್ದೆವು.

ಆಮೇಲೆ ರೇಡಿಯೋ ಬಂತು. ರೇಡಿಯೋ ಕೆಟ್ಟರೆ ಅಪ್ಪ ಬಜಾರಿನ ಮೆಕ್ಯಾನಿಕ್ಕನ ಹತ್ತಿರ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಅವನ ಬೆಸುಗೆ ಕಡ್ಡಿಗೆ ಬಟ್ಟೆ ಸುತ್ತಿದ ಉದ್ದನೆಯ ವೈರು. ಕಡ್ಡಿ ಕಾಯುವುದರೊಳಗೆ ಅಪ್ಪ ಮತ್ತು ಅವನು ಒಂದೊಂದು ಚಹಾ ಮುಗಿಸುತ್ತಿದ್ದರು. ಇನ್ನೇನು ಕಾಯಿತು ಅನ್ನುವಾಗ ಕರೆಂಟು ಹೋಗುತ್ತಿತ್ತು. ಕುಡತಿನಿಯ ಕರೆಂಟು ಕಾರ್ಖಾನೆಯ ಚಿಮಣಿಗಳು ಬಯಲಿನಾಚೆ ಹೊಗೆ ಬಿಡುವ ಕಾಲ ಬಂದ ಮೇಲೂ ಕರೆಂಟು ಹೋಗುವುದು ಬಿಡಲಿಲ್ಲ. "ಅಡಗಿ ನಮ್ಮ ಓಣ್ಯಾಗ, ಊಟ ಬ್ಯಾರೆ ಊರಾಗ" ಎನ್ನುತ್ತಿದ್ದ ಅಪ್ಪ. ಮನೆಯಲ್ಲಿ ಅವನದು ಒಂದೇ ಕಾನೂನು: ಏನನ್ನೇ ಬಿಚ್ಚುವುದಿದ್ದರೂ ಮೊದಲು ವೈರು ಕೀಳಬೇಕು, ಕಿತ್ತದ್ದನ್ನು ಸುರುಳಿ ಸುತ್ತಿ ಎದುರಿಗೆ ಇಟ್ಟುಕೊಳ್ಳಬೇಕು, ಆಮೇಲೆ ಮುಟ್ಟಬೇಕು. ಅಕ್ಕನೂ ನಾನೂ ಇವತ್ತಿಗೂ ಮಿಕ್ಸಿಯ ಜಾರು ತೊಳೆಯುವುದಕ್ಕೂ ಮೊದಲು ವೈರಿನ ಕಡೆ ನೋಡುವವರು. ನಮ್ಮ ಅಂಜಿಕೆಯೆಲ್ಲ ವೈರಿನಲ್ಲೇ ಹರಿದು ಬೆಳೆದದ್ದು. ವೈರೇ ಇಲ್ಲದ ವಸ್ತುವಿಗೆ ಹೇಗೆ ಅಂಜಬೇಕೆಂದು ಅಪ್ಪ ಹೇಳಿಕೊಟ್ಟಿರಲಿಲ್ಲ.

ಈಗ ಅವ್ವನ ವಿಷಯಕ್ಕೆ ಬರಬೇಕು. ಇಲ್ಲಿಯವರೆಗೆ ಬೇರೆ ಬೇರೆ ಓಣಿ ಸುತ್ತಿದ್ದು ಇಲ್ಲಿಗೆ ಬರಲು ಮನಸ್ಸು ಒಲ್ಲದ್ದಕ್ಕೇ ಎಂದು ನಿಮಗೂ ತಿಳಿದಿರಬಹುದು.

ಅವ್ವ ಕುರುಗೋಡಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಮೊಳಕಾಲು ಹಿಡಿದುಕೊಂಡಿವೆ, ಆಸರೆ ಇಲ್ಲದೆ ಏಳಲಾರಳು. ಕಿವಿ ಪೂರ್ತಿ ಹೋಗಿದೆ. ಕಿವಿಯ ಮಷಿನ್ನು ಹಾಕಿಕೊಂಡರೆ ಓಣಿಯ ಆ ತುದಿಯ ಜಗಳವೂ ಕೇಳುತ್ತದೆ, ತೆಗೆದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಇಲ್ಲ. ಕಳೆದ ಮಹಾನವಮಿಗೆ ಅವಳನ್ನು ಸಿರುಗುಪ್ಪಕ್ಕೆ ಕರೆತಂದಿದ್ದೆವು. ಬರುವಾಗಲೇ ಮಷಿನ್ನಿನ ಚಾರ್ಜಿಂಗ್ ಡಬ್ಬಿ ಕೆಟ್ಟಿತ್ತು. ವೈರು ಕೂಡುವ ಜಾಗ ಒಳಗೇ ಬಿಟ್ಟುಕೊಂಡಿತ್ತು.

ನಮ್ಮ ಅವ್ವನಿಗೂ ಭಾವನಿಗೂ ಇರುವ ಮರ್ಯಾದೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಳಿಯನ ಎದುರು ಅತ್ತೆ ತಲೆಯ ಮೇಲೆ ಸೆರಗು ಹೊದ್ದುಕೊಳ್ಳಬೇಕು, ನೇರ ಮಾತಾಡಬಾರದು, ಅಳಿಯ ಅತ್ತೆಯನ್ನು ಮುಟ್ಟಬಾರದು. ಇದು ನಮ್ಮ ಮನೆತನದ ಹಳೆಯ ರೂಢಿ. ಬೇರೆಯವರೆಲ್ಲ ಬಿಟ್ಟರೂ ಇವರಿಬ್ಬರು ಬಿಟ್ಟಿಲ್ಲ. ಇಬ್ಬರ ನಡುವೆ ಅಕ್ಕನೇ ಟೆಲಿಫೋನು. ಹಬ್ಬದ ಹಿಂದಿನ ದಿನ, ಮಷಿನ್ನಿನಲ್ಲಿ ಉಳಿದಿದ್ದ ಚೂರು ಚಾರ್ಜಿನಲ್ಲಿ ನಡೆದ ಸಂಭಾಷಣೆ ಇದು.

"ಡಬ್ಬಿ ಯಾವಾಗ ಕೆಟ್ಟತು ಕೇಳು ನಿಮ್ಮವ್ವಗ" ಎಂದರು ಭಾವ, ಗೋಡೆಯ ಕಡೆ ತಿರುಗಿ.

"ಅವ್ವಾ, ಡಬ್ಬಿ ಯಾವಾಗ ಕೆಟ್ಟತು ಅಂತ!" ಎಂದು ಅಕ್ಕ ಕೂಗಿದಳು.

"ಕೆಡೂದು ಕೆಡತೈತಿ. ಮೊದ್ಲು ಅವರು ಉಂಡಾರೇನು ಕೇಳು" ಎಂದಳು ಅವ್ವ ಸೆರಗಿನೊಳಗಿನಿಂದ.

"ಉಂಡೀನಿ ಅಂತ ಹೇಳು."

"ಇಲ್ಲೇ ಅದೀರಿ ಇಬ್ಬರೂ, ನೀವ ಮಾತಾಡಿಕೊಳ್ಳಬಾರದಾ? ನನ್ನ ಗಂಟಲಿಗೂ ಒಂದು ಮಷಿನ್ ತರಸ್ರಿ" ಎಂದಳು ಅಕ್ಕ.

ಹಬ್ಬದ ಬೆಳಿಗ್ಗೆ ಕರೆಂಟು ಇರಲಿಲ್ಲ. ಭಾವ ಬಾಲವಿಲ್ಲದ ಮಂಗ್ಯಾನನ್ನು ತೆಗೆದರು. ಅವ್ವನ ಎದುರಿಗೇ ಡಬ್ಬಿ ಬಿಚ್ಚಿ, ಉಸಿರು ಹಿಡಿದು, ಎಳ್ಳಿನ ಕಾಳಿನಷ್ಟು ಜಾಗಕ್ಕೆ ಒಂದು ಹನಿ ಇಳಿಸಿದರು. ಸ್ವಲ್ಪ ಹೊತ್ತಿಗೆ ಕರೆಂಟು ಬಂದು, ಡಬ್ಬಿಯಲ್ಲಿ ಹಸಿರು ದೀಪ ಕಂಡಾಗ ಅವ್ವನ ಮುಖ ನೋಡಬೇಕಿತ್ತು. ತನ್ನ ಕಿವಿ ಮತ್ತೆ ಹುಟ್ಟಿದ್ದನ್ನು ಕಣ್ಣಾರೆ ಕಂಡವಳ ಮುಖ ಅದು. ಮಷಿನ್ನುಗಳನ್ನು ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಇಟ್ಟೆವು. ಹಾಗಾಗಿ ಆ ದಿನ ಮಧ್ಯಾಹ್ನದವರೆಗೂ ಅವ್ವನಿಗೆ ಏನೂ ಕೇಳುವಂತಿರಲಿಲ್ಲ.

ಆಯುಧ ಪೂಜೆಯ ದಿನ ಸಾಮಾನುಗಳಿಗೆ ಕಂಕಣ ಕಟ್ಟುವ ಕೆಲಸ ಅವ್ವನದು. ಅರಿಷಿಣ ಹಚ್ಚಿದ ನೂಲಿನಲ್ಲಿ ಅರಿಷಿಣದ ಕೊಂಬಿನ ಒಂದು ತುಂಡು ಸೇರಿಸಿ ಸುತ್ತಿ ಕಟ್ಟುತ್ತಾಳೆ. ಅವಳು ಹಾಕಿದ ಗಂಟು ಬಿಚ್ಚಬೇಕಾದರೆ ಕತ್ತರಿಯೇ ಬೇಕು. ರಿಪೇರಿ ಕೋಣೆಯಲ್ಲಿ ಗೋಡೆಗೆ ಒರಗಿಸಿ, ಜಮಖಾನ ಹಾಸಿ ಅವಳನ್ನು ಕೂರಿಸಿದೆವು. ಇಕ್ಕಳ, ಸ್ಪ್ಯಾನರು, ಡ್ರಿಲ್ಲು ಒಂದೊಂದಾಗಿ ಅವಳ ಕೈಗೆ ಕೊಟ್ಟೆ. ಕಟ್ಟಿದ್ದನ್ನು ಅವಳ ಮಗ್ಗುಲಿನ ಹಿತ್ತಾಳೆಯ ದೊಡ್ಡ ತಟ್ಟೆಯಲ್ಲಿ ಜೋಡಿಸಿದೆ. ತಟ್ಟೆಯ ಕೆಳಗಿನಿಂದ ಅವ್ವನ ಮುಂದೆ ಉದ್ದಕ್ಕೂ ಹಾಸಿದ ಹಳೆಯ ಪೇಪರು, ತಟ್ಟೆಯ ಅಂಚಿಗೆ ಚೆಂಡು ಹೂವು, ಆರತಿಗೆಂದು ಇಟ್ಟ ಕರ್ಪೂರ, ಹತ್ತಿಯ ಬತ್ತಿಗಳು. ಹಚ್ಚಿದ ದೀಪದ ಕಂಬ ದೂರದ ಮೂಲೆಯಲ್ಲಿತ್ತು. ಅವ್ವನ ಇನ್ನೊಂದು ಮಗ್ಗುಲಿಗೆ ಕರೂರಿನವರು ಬಿಟ್ಟುಹೋಗಿದ್ದ ಪೆಟ್ರೋಲ್ ಪಂಪು. ಅದರ ಟ್ಯಾಂಕು ಸಣ್ಣಗೆ ಸೋರುತ್ತಿತ್ತು. ಕೆಳಗೆ ಒಂದು ಅರಿವೆ ಹಾಸಿದ್ದರು, ಅದು ನೆನೆದಿತ್ತು.

ಬೆಸುಗೆ ಕಡ್ಡಿ ಕೈಗೆ ಬಂದಾಗ ಅವ್ವ ಅದನ್ನು ಕಣ್ಣಿಗೆ ಒತ್ತಿಕೊಂಡಳು. ತನ್ನ ಕಿವಿ ಕೊಟ್ಟ ಕಡ್ಡಿ. ಬೇರೆಯವಕ್ಕೆ ಒಂದು ಸುತ್ತು ನೂಲಾದರೆ ಇದಕ್ಕೆ ಸುತ್ತಿದ್ದೇ ಸುತ್ತಿದ್ದು. ಮೇಲೊಂದು ಚೆಂಡು ಹೂವನ್ನೂ ಸಿಕ್ಕಿಸಿದಳು. ಅರಿಷಿಣದ ತುಂಡು ಎಲ್ಲಿ ಕೂತಿತು ಎಂದು ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ. ಬೆರಳು ಇದ್ದಾಗಷ್ಟೇ ಬೆಂಕಿ ಎಂಬ ಕಡ್ಡಿಯ ಗುಂಡಿಯ ಮೇಲೆ, ಯಾವ ಬೆರಳಿಗಿಂತಲೂ ಬಿಗಿಯಾಗಿ, ಅವ್ವನ ಭಕ್ತಿ ಕೂತುಬಿಟ್ಟಿತ್ತು. ಗುಂಡಿ ಒತ್ತಿದಾಗ ಬೀಳುವ ಆ ಪುಟ್ಟ ಬೆಳಕನ್ನು ಚೆಂಡು ಹೂವು ಮುಚ್ಚಿತ್ತು. ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡು ತಟ್ಟೆಯಲ್ಲಿಟ್ಟೆ. ಕರ್ಪೂರದ ಪಕ್ಕದಲ್ಲಿ.

ಭಾವ ಬೈಕು ತೊಳೆಯಲು ಅಂಗಳಕ್ಕೆ ಹೋದರು. ನಾನು ನೈವೇದ್ಯಕ್ಕೆ ಹೋಳಿಗೆ ತರಲು ಒಳಗೆ ಹೋದೆ.

ಹೋಳಿಗೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತೆ. ತಟ್ಟೆಯ ನಡುವೆ ಒಂದು ಉರಿ ಎದ್ದಿತ್ತು. ಕರ್ಪೂರದ ಉರಿ ನೋಡಿದ್ದೀರಲ್ಲ, ಅವಸರವೇ ಇಲ್ಲದೆ ಬಾಗುತ್ತ ಬಳುಕುತ್ತ ಏಳುತ್ತದೆ. ಒಂದು ಕ್ಷಣ ನನಗೆ ಅನಿಸಿದ್ದು, ಓಹೋ, ಆರತಿ ಶುರು ಮಾಡಿದರು, ನನಗೆ ಕಾಯಲಿಲ್ಲ ಎಂದು. ಹಚ್ಚಿದವರು ಯಾರೂ ಅಲ್ಲಿಲ್ಲ ಎಂಬುದು ತಲೆಗೆ ಬರಲು ಇನ್ನೊಂದು ಕ್ಷಣ ಬೇಕಾಯಿತು. ಅಷ್ಟರಲ್ಲಿ ಬತ್ತಿಗಳು ಹೊತ್ತಿದವು. ಒಂದು ಬತ್ತಿ ತಟ್ಟೆಯಾಚೆ ಉರುಳಿ ಪೇಪರಿಗೆ ಬಿತ್ತು. ಪೇಪರಿನ ಅಂಚಿನಲ್ಲಿ ಬೆಂಕಿ, ಊರು ನೋಡಲು ಬಂದವರಂತೆ, ನಿಧಾನವಾಗಿ ನಡೆಯತೊಡಗಿತು. ಅದರ ದಾರಿಯ ಕೊನೆಯಲ್ಲಿ ಆ ಪೆಟ್ರೋಲಿನ ಅರಿವೆ. ನಡುವೆ, ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು ಅವ್ವ. ನಿದ್ದೆ ಹತ್ತಿದೆ ಎಂದುಕೊಂಡೆ.

"ಅವ್ವಾ!" ಎಂದು ಕಿರುಚಿದೆ. ಯಾರಿಗೆ ಕಿರುಚಿದೆ ಹೇಳಿ? ಅವಳ ಕಿವಿಗಳು ಅಡುಗೆಮನೆಯ ಕಟ್ಟೆಯ ಮೇಲೆ ಹಸಿರು ದೀಪ ಹಚ್ಚಿಕೊಂಡು ಕೂತಿದ್ದವು.

ಭೌತಶಾಸ್ತ್ರದ ಪದವೀಧರೆ ಹೋಳಿಗೆ ಹಿಡಿದು ನಿಂತಿರುವಾಗ, ಭಾವ ಒದ್ದೆ ಕಾಲಿನಲ್ಲಿ ನನ್ನನ್ನು ತಳ್ಳಿಕೊಂಡು ಒಳಗೆ ನುಗ್ಗಿದರು. ಅತ್ತೆಯ ರಟ್ಟೆ ಹಿಡಿದು ಎಳೆಯಬಹುದಿತ್ತು. ಎಳೆಯಲಿಲ್ಲ. ಬಗ್ಗಿ ಜಮಖಾನದ ಎರಡು ಮೂಲೆಗಳನ್ನು ಹಿಡಿದು, ಹಿಮ್ಮಡಿ ಊರಿ, ಅವ್ವನ ಸಮೇತ ಅದನ್ನು ಜಗ್ಗಿದರು. ನುಣ್ಣನೆಯ ಕಡಪದ ಕಲ್ಲಿನ ಮೇಲೆ ಜಮಖಾನ ದೋಣಿಯಂತೆ ಸರ್ರನೆ ಜಾರಿತು. ಅವ್ವ ಕೂತ ಭಂಗಿಯಲ್ಲೇ ಕೋಣೆ ದಾಟಿ ಹೊಸ್ತಿಲಿಗೆ ಬಂದಳು. ಅದೇ ಹೊತ್ತಿಗೆ ಅಕ್ಕ ನನ್ನ ಇನ್ನೊಂದು ಮಗ್ಗುಲಿನಿಂದ ಬಂದು, ಕೈಯಲ್ಲಿದ್ದ ಬೋಗಾಣಿಯನ್ನು ತಟ್ಟೆಯ ಮೇಲೆ ಕವುಚಿ ಹಾಕಿ, ಬಾಗಿಲಿನ ಒದ್ದೆ ಗೋಣಿಚೀಲದಿಂದ ಪೇಪರನ್ನು ಬಡಿದಳು. ಬಡಿದಳು, ಬಡಿದಳು, ಬೆಂಕಿ ಸತ್ತ ಮೇಲೂ ಬಡಿದಳು. ಭಾವ ಮತ್ತೆ ಒಳಗೆ ಹೋಗಿ ಪಂಪನ್ನು ಎದೆಗೆ ಅವಚಿಕೊಂಡು ಅಂಗಳದಾಚೆ ಇಟ್ಟು ಬಂದರು. ಆ ಅರಿವೆಯನ್ನು ಆಮೇಲೆ ನೋಡಿದೆ. ಅದರ ಒಂದು ಮೂಲೆಯಿಂದ ಕರಕಾದ ಪೇಪರಿಗೆ ನನ್ನ ಅಂಗೈಯಗಲವೂ ಇರಲಿಲ್ಲ.

ಹೊಸ್ತಿಲಲ್ಲಿ ಅವ್ವ ಕಣ್ಣು ಬಿಟ್ಟಳು. ಎದುರಿಗೆ ಅಳಿಯ ಏದುಸಿರು ಬಿಡುತ್ತ ನಿಂತಿದ್ದಾನೆ. ಅವಳು ಮಾಡಿದ ಮೊದಲ ಕೆಲಸ ಸೆರಗನ್ನು ತಲೆಯ ಮೇಲೆ ಎಳೆದುಕೊಂಡದ್ದು. ಎರಡನೆಯದು ನಕ್ಕದ್ದು.

"ಗಿರಿಜಾ, ಇದೇನ್ ಆಟ ಕಲಿತಾರ ನಿಮ್ಮವರು? ಮುದುಕೀನ ಜಾರಬಂಡಿ ಆಡಸಾಕತ್ಯಾರಲ್ಲ!"

ನಾವ್ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕೆವು, ಜೋರಾಗಿ, ನಿಲ್ಲಿಸಲಾಗದೆ. ಅಕ್ಕನಿಗೆ ನಗುವಿನ ನಡುವೆ ಅಳು ಬಂತು.

ಅವ್ವನನ್ನು ಒಳಗೆ ಕೂರಿಸಿ ಬಂದು ಬೋಗಾಣಿ ಎತ್ತಿದಾಗ ನಾನು ಕಂಡದ್ದನ್ನು ಈಗಲೂ ಕಾಣುತ್ತಿರುತ್ತೇನೆ. ಕರ್ಪೂರ ಒಂದು ಕರಿ ಕಲೆಯಾಗಿತ್ತು. ಕಡ್ಡಿಯ ತುದಿ ಮಸಿಯಾಗಿತ್ತು. ಅಲ್ಲಿಂದ ಬೆಂಕಿ ಹಿಡಿಕೆಯ ಕಡೆ ಹತ್ತಿ, ಪ್ಲಾಸ್ಟಿಕ್ಕನ್ನು ಉಬ್ಬಿಸಿ, ಕಂಕಣದ ನೂಲನ್ನು ಸುಟ್ಟಿತ್ತು. ಅರೆಸುಟ್ಟ ಅರಿಷಿಣದ ತುಂಡು ಪಕ್ಕಕ್ಕೆ ಬಿದ್ದಿತ್ತು. ಗುಂಡಿ ಮೇಲಕ್ಕೆದ್ದಿತ್ತು. ಕಡ್ಡಿ ಆರಿತ್ತು! ತನ್ನನ್ನು ಒತ್ತಿ ಹಿಡಿದಿದ್ದ ನೂಲನ್ನು ತಾನೇ ಹಚ್ಚಿದ ಬೆಂಕಿಯಲ್ಲಿ ಸುಟ್ಟುಕೊಂಡು, ಬೆರಳು ತೆಗೆದರು ಎಂದು ತಿಳಿದು, ಸುಮ್ಮನಾಗಿಬಿಟ್ಟಿತ್ತು. ಅದಕ್ಕೆ ಭಕ್ತಿಯೂ ಗೊತ್ತಿಲ್ಲ, ದ್ವೇಷವೂ ಗೊತ್ತಿಲ್ಲ. ಒತ್ತಿದರೆ ಉರಿಯುತ್ತೇನೆ, ಬಿಟ್ಟರೆ ಆರುತ್ತೇನೆ ಎಂಬ ಒಂದು ಮಾತನ್ನು ಎರಡೂ ಸಲ ನಡೆಸಿಕೊಟ್ಟಿತ್ತು. ಆ ನಿಷ್ಠೆಯನ್ನು ನೋಡಿ ನನಗೆ ಅಂಜಿಕೆಯಾಯಿತು. ಕಲಾಯಿಯವನ ಕುಳಿಯ ಮುಂದೆ ನಿಂತಾಗ ಆಗುತ್ತಿದ್ದ ಬೆರಗೂ ಅದರಲ್ಲಿತ್ತು ಎಂದರೆ ನೀವು ನನ್ನನ್ನು ಹುಚ್ಚಿ ಎನ್ನಬಹುದು.

ಮೂಲೆಯ ದೀಪದ ಕಂಬ ದೂರದಲ್ಲಿ ಇದ್ದಲ್ಲೇ ಇತ್ತು. ಭಾವ ಅದನ್ನು ಎತ್ತಿ ತಂದು ತಟ್ಟೆಯ ಪಕ್ಕಕ್ಕೆ ಇಟ್ಟರು.

"ದೀಪ ನಾನ ಹತ್ರ ಇಟ್ಟಿದ್ದೆ ಅಂತ ಹೇಳ್ರಿ. ಕಂಕಣದ ಮಾತು ಅತ್ತಿಯವರ ಕಿವಿಗೆ ಬೀಳಬಾರದು" ಎಂದರು. ಕಡ್ಡಿಯ ಬ್ಯಾಟರಿ ಕಿತ್ತು ನನ್ನ ಕೈಗಿಟ್ಟರು. "ನೀನ ಒಯ್ಯವ್ವಾ. ನಿಮ್ಮ ಮನ್ಯಾಗ ಕಾರಿಗೆ ಒಂದು ಲಿಂಬಿಹಣ್ಣು ಇಟ್ರ ಆಯುಧ ಪೂಜಿ ಮುಗೀತು."

ಹೀಗೆ ಅದು ಬಳ್ಳಾರಿಗೆ ಬಂತು. ನಾನು ಆ ದಿನವನ್ನು ಇನ್ನೂ ಸಿರುಗುಪ್ಪದಲ್ಲಿ ಬಿಟ್ಟು ಬಂದಿಲ್ಲ. ಹಾಲು ಉಕ್ಕುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಆ ಉರಿ ಪೇಪರಿನ ಅಂಚಿನಲ್ಲಿ ನಡೆದು ಬರುತ್ತದೆ. ಕೆಲವು ಸಲ ಜಮಖಾನ ಜಾರುವುದಿಲ್ಲ, ಮಡಚಿಕೊಳ್ಳುತ್ತದೆ. ಕೆಲವು ಸಲ ಭಾವ ಬೈಕಿನ ಸದ್ದಿನಲ್ಲಿ ನನ್ನ ಕೂಗು ಕೇಳಿಸಿಕೊಳ್ಳುವುದೇ ಇಲ್ಲ.

ಮೊನ್ನೆ ಕುರುಗೋಡಿಗೆ ಹೋಗಿದ್ದೆ. ಎದುರುಮನೆಯ ಗೌರಮ್ಮ ಬಂದು ಕೂತಿದ್ದಳು. ಅವ್ವ ಕಿವಿಯಲ್ಲಿ ಮಷಿನ್ನು ಹಾಕಿಕೊಂಡು, ಕೈ ಆಡಿಸುತ್ತ ಜಮಖಾನದ ಕಥೆ ಹೇಳುತ್ತಿದ್ದಳು.

"ದೀಪದ ಕಿಡಿ ಪೇಪರಿಗೆ ತಾಗಿತ್ತಂತ. ನಮ್ಮ ಅಳಿಯ ನನ್ನ ಮುಟ್ಟಲಿಲ್ಲ ನೋಡು! ಜಮಖಾನ ಹಿಡಿದು ಜಗ್ಗಿದ. ರಾಣಿ ಹಂಗ ಬಂದೆ."

"ಪುಣ್ಯಾ ಮಾಡೀಯವ್ವ" ಎಂದು ಗೌರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಎದ್ದು ಹೋದ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

"ಈ ಕಥಿಗೆ ಎಲ್ಲಾರೂ ನಗತಾರ. ನೀನೊಬ್ಬಾಕಿ ನಗಂಗಿಲ್ಲ."

ನಾನು ಗೌರಮ್ಮ ಬಿಟ್ಟುಹೋದ ಚಹಾದ ಲೋಟ ಎತ್ತಿಕೊಂಡೆ.

"ಆ ಬೆಂಕಿ ನಾನ ಮೊದ್ಲು ನೋಡಿದ್ದು" ಎಂದಳು.

"ನಿದ್ದಿ ಹತ್ತಿತ್ತಲ್ಲವ್ವಾ ನಿನಗ?"

"ಎಲ್ಲೀ ನಿದ್ದಿ? ಏಳಾಕ ನೋಡಿದೆ, ಮೊಳಕಾಲ ಏಳಲಿಲ್ಲ."

"ಮತ್ತ ಒದರಬೇಕಿಲ್ಲೇನು!"

"ಒದರಿದ್ರ ಮೂರೂ ಮಂದಿ ಒಳಗ ಓಡಿ ಬರ್ತಿದ್ರಿ. ಪೆಟ್ರೋಲ್ ವಾಸನಿ ಮುಂಜಾನಿಂದ ಮೂಗಿಗೆ ಹೊಡ್ಯಾಕತ್ತಿತ್ತು. ಹೋದ್ರ ನಾನೊಬ್ಬಾಕಿ ಹೋಗ್ಲಿ ಅಂತ ಬಾಯಿ ಮುಚ್ಚಿಕೊಂಡು ಕುಂತೆ."

ಹಪ್ಪಳ ಒಣಹಾಕಿದ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳಿದಳು.

"ಇದನ್ನ ನಿಮ್ಮ ಬಾವಗ ಹೇಳಬ್ಯಾಡ. ದೀಪ ಹತ್ರ ಇಟ್ಟೆ ಅಂತ ಮೊದಲ ನೊಂದುಕೊಂಡಾನ. ಹುಡುಗ ಮನಸಿಗೆ ಹಚ್ಚಿಕೊಂತಾನ."

ನೂಲು, ಅರಿಷಿಣದ ತುಂಡು, ಮೇಲಕ್ಕೆದ್ದ ಗುಂಡಿ ಎಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ನುಂಗಿಕೊಂಡೆ.

"ಅಂಜಿಕಿ ಬರಲಿಲ್ಲೇನವ್ವಾ?"

"ಬರದ ಇರತೈತೇನು? ಅದಕ್ಕ ಕಣ್ಣು ಮುಚ್ಚಿದ್ದೆ. ತೆಗದು ನೋಡ್ತೀನಿ, ಬಾಗಿಲಾಗ ಅದೀನಿ."

ಹೊರಗೆ ತಮ್ಮನ ಹೆಂಡತಿ ಊಟಕ್ಕೆ ಕರೆದಳು. ಅವ್ವ ಏಳಲು ಕೈ ಚಾಚಿದಳು. ನಾನು ಎರಡೂ ಕೈಗಳಿಂದ ಹಿಡಿದುಕೊಂಡೆ.

"ಯಾಕಲೇ ಇಷ್ಟು ಬಿಗಿ ಹಿಡೀತಿ?" ಎಂದಳು. "ನಾನೇನು ಓಡಿ ಹೋಗಾಕತ್ತೀನೇನು?"